ಬಣ್ಣ ಮುಟ್ಟದೆ ಗಂಡಭೇರುಂಡ: ನನ್ನ ಅನುಭವ

ಮೈಸೂರಿನ ನಮ್ಮ ಮಂಡಿ ಮೊಹಲ್ಲಾದಲ್ಲಿ ಇನ್ಲೇ (ಹಲಗೆಯಲ್ಲಿ ಗುಂಡಿ ತೋಡಿ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸುವ ಕೆಲಸ) ಮಾಡುವವರು ಆನೆಯನ್ನು ಕಣ್ಣುಮುಚ್ಚಿ ಕೂರಿಸುತ್ತಾರೆ. ಗಂಡಭೇರುಂಡ ಅಂದರೆ ಮಾತ್ರ ಬ್ರಷ್ ಹುಡುಕುತ್ತಾರೆ. ಎರಡು ಕುತ್ತಿಗೆ ಕವಲೊಡೆಯುವ ಕಡೆ ನೆರಳು ಬೀಳದಿದ್ದರೆ ಅದು ಜಗಳಕ್ಕೆ ನಿಂತ ಕೋಳಿ ಜೋಡಿ, ಅಷ್ಟೇ. ನನ್ನ ಮೊದಲ ಹಲಗೆ ನೋಡಿ ಭಾವ ಕೇಳಿದ್ದು, "ನಾಟಿನಾ, ಫಾರಮ್ಮಾ?"

ನಾನು ಹಿಡಿದದ್ದು ಬಿಸಿ ಮರಳಿನ ದಾರಿ. ವಿನಿಯರ್, ಅಂದರೆ ತೆಳು ಮರದ ಹಾಳೆಯಲ್ಲಿ ಕತ್ತರಿಸಿದ ಗರಿಯನ್ನು ಚಿಮುಟದಲ್ಲಿ ಹಿಡಿದು ಕಾದ ಮರಳಿಗೆ ಅಂಚು ಅದ್ದಿದರೆ ತುದಿ ಕಪ್ಪಾಗಿ, ಒಳಗೆ ಬರುತ್ತಾ ತಿಳಿಯಾಗುತ್ತದೆ. ಮೊದಲ ತಿಂಗಳು ಮುನ್ನೂರು ಗರಿಯಾದರೂ ಇದ್ದಿಲಾಗಿರಬೇಕು. ಉಳಿದವು ಹಪ್ಪಳದ ಹಾಗೆ ಮುದುರಿ, ಕುಗ್ಗಿ, ಬೀಟೆ ಹಲಗೆಯ ಗುಂಡಿಯಲ್ಲಿ ಕೂರಲೇ ಇಲ್ಲ. ಉರಿ ಜಾಸ್ತಿ ಇಟ್ಟು ಬೇಗ ಮುಗಿಸಿದ ಗರಿಗಳ ನೆರಳು ಮೇಲ್ಮೇಲಷ್ಟೇ ಇತ್ತು, ಸ್ಯಾಂಡ್ ಪೇಪರ್ ಉಜ್ಜುತ್ತಿದ್ದ ಹಾಗೆ ಹೊರಟೇ ಹೋಯಿತು. ವಿನಿಯರ್, ಗ್ಯಾಸ್ ಸೇರಿ ಏಳೆಂಟು ಸಾವಿರ ಮಣ್ಣುಪಾಲು. ಮನೆಯವಳ ಬಾಣಲೆ ಬೇರೆ.

ಕೊನೆಗೆ ಕೈ ಹಿಡಿದದ್ದು ಸಣ್ಣ ಉರಿ, ನಿಧಾನ, ಮತ್ತು ಗರಿಯನ್ನು ಅಳತೆಗಿಂತ ಒಂದೆಳೆ ದೊಡ್ಡದಾಗಿ ಕತ್ತರಿಸಿ ಸುಟ್ಟ ಮೇಲೆ ಸರಿಮಾಡುವುದು. ಮರಳಿನಿಂದ ತೆಗೆದ ಕೂಡಲೇ ಏನು ಸವರುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಡುವೆ ಸಿಲ್ವರ್ ಓಕಿಗೆ ಅರಿಸಿನ ಹಚ್ಚಿ ನೋಡಿದೆ, ಸುಮ್ನೆ ಕುತೂಹಲಕ್ಕೆ. ಕಿಟಕಿ ಬಿಸಿಲಿಗೆ ಎರಡೇ ವಾರದಲ್ಲಿ ಬಿಳಚಿಕೊಂಡಿತು.

ಕೈ ಕೂತ ಮೇಲೆ ಹಳೆಯ ಎರಡು ತಲೆ ಹಕ್ಕಿಗಳನ್ನು ಮಾಡುವ ಚಪಲ ಶುರುವಾಯಿತು. ಬಳ್ಳಿಗಾವಿಯ 1047ರ ಕಂಬದ ಮೇಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಾಗಾಗಿ ಬಿಟ್ಟೆ. ವಿಜಯನಗರದ ಅಚ್ಯುತದೇವರಾಯನ ನಾಣ್ಯದಲ್ಲಿ ಅದೇ ಹಕ್ಕಿ ಆನೆಗಳನ್ನೇ ಎತ್ತಿಕೊಂಡಿದೆ. ಟರ್ಕಿಯ ಅಲಜಾ ಹೊಯುಕ್‌ನಲ್ಲಿ ಅಲ್ಲಿನ ಪ್ರಾಚೀನ ಜನ ಹಿಟ್ಟೈಟರು ಮೂರು ಸಾವಿರ ವರ್ಷಕ್ಕೂ ಹಿಂದೆ ಕೆತ್ತಿದ ಎರಡು ತಲೆಯ ಹದ್ದಿನ ಉಗುರಲ್ಲಿ ಎರಡು ಮೊಲ. ಅದನ್ನೇ ಮಾಡಿದೆ. ಮೊಲಕ್ಕೆ ಹಲಸು, ಕಿವಿಗೆ ಮಾತ್ರ ಮರಳು.

"ಬಣ್ಣ ಇಲ್ಲದ್ದನ್ನು ಯಾರು ತಗೊಳ್ತಾರೆ" ಅಂದಿದ್ದ ಅಂಗಡಿಯವರೇ ಆ ಎರಡು ತಲೆ ಹದ್ದಿನ ಹಲಗೆಯನ್ನು ಹದಿನೆಂಟು ಸಾವಿರದ ಹತ್ತಿರ ಕೊಟ್ಟು ಒಯ್ದರು, ಚೌಕಾಸಿ ಮಾಡಿಯೇ.

ಈಗ ಬೆಂಚಿನ ಮೇಲೆ ಮೆಕ್ಸಿಕೋ ಬಾವುಟದ ಹದ್ದು ಇದೆ. ಒಂದೇ ತಲೆ, ಆರಾಮ. ಆದರೆ ಪಾಪಾಸುಕಳ್ಳಿ ಮೇಲೆ ಕೂತು ಹಾವು ಹಿಡಿದಿದೆಯಲ್ಲಾ, ಆ ಹಾವಿನ ಹೊಟ್ಟೆಗೆ ಮರ ಸಿಕ್ಕಿಲ್ಲ. ಹಲಸು ತೀರಾ ಹಳದಿ.