ಟೈರ್ ಹಾಕುವ ಮೊದಲು ಬಾಣ ನೋಡಿ

ಮೊದಲ ಸಲ ಸ್ಪ್ಲೆಂಡರ್‌ನ ಹಿಂದಿನ ಟೈರ್ ನಾನೇ ಬದಲಿಸಿದ್ದು ಒಂದು ಭಾನುವಾರ, ಮನೆ ಅಂಗಳದಲ್ಲಿ. ತಿಂಡಿ ತಿಂದು ಕೂತವನು ಎದ್ದಾಗ ಊಟದ ಹೊತ್ತು. ಚಕ್ರ ಕೂರಿಸಿ, ನಟ್ ಬಿಗಿದು, ಕೈ ಒರೆಸಿಕೊಳ್ಳುತ್ತಿದ್ದೆ. ಆಗ ಟೈರಿನ ಪಕ್ಕದಲ್ಲಿದ್ದ ಬಾಣ ಕಣ್ಣಿಗೆ ಬಿತ್ತು. ಚಕ್ರದ ಮೇಲ್ಭಾಗದಲ್ಲಿ ನಿಂತಿದ್ದ ಅದು ಹಿಂದಿನ ನಂಬರ್ ಪ್ಲೇಟ್ ಕಡೆ ಮುಖ ಮಾಡಿತ್ತು. ಅಂದರೆ ಟೈರ್ ಉಲ್ಟಾ! ಮತ್ತೆ ಎಲ್ಲ ಬಿಚ್ಚಬೇಕಾಯಿತು.

ಬಾಣದ ವಿಷಯ ಮೊದಲು ಮುಗಿಸಿಬಿಡೋಣ. ಟೈರಿನ ಪಕ್ಕದ ಗೋಡೆಯ ಮೇಲೆ ‘ರೊಟೇಶನ್’ ಅಂತ ಬರೆದು ಒಂದು ಬಾಣ ಇರುತ್ತದೆ. ಗಾಡಿ ಮುಂದಕ್ಕೆ ಹೋಗುವಾಗ ಚಕ್ರ ಆ ಬಾಣದ ದಿಕ್ಕಿಗೆ ತಿರುಗಬೇಕು. ಬಾಣವೇ ಇಲ್ಲದ ಟೈರೂ ಇದೆ. ಅದನ್ನು ಹೇಗೆ ಹಾಕಿದರೂ ನಡೆಯುತ್ತದೆ.

ದಿಕ್ಕು ಯಾಕೆ ಬೇಕು? ಒಂದು ಕಾರಣ ಎಲ್ಲರಿಗೂ ಗೊತ್ತು: ಮಳೆ ನೀರನ್ನು ಗೀರುಗಳು ಪಕ್ಕಕ್ಕೆ ತಳ್ಳಬೇಕು. ಇನ್ನೊಂದು ಟೈರಿನ ಒಳಗಿದೆ. ನೆಲಕ್ಕೆ ತಾಗುವ ರಬ್ಬರನ್ನು ಉದ್ದ ಪಟ್ಟಿಯಾಗಿ ಸುತ್ತಿ, ಎರಡು ತುದಿಗಳನ್ನು ಓರೆಯಾಗಿ ಒಂದರ ಮೇಲೊಂದು ಕೂರಿಸಿ ಬೆಸೆದಿರುತ್ತಾರೆ. ಹಿಂದಿನ ಚಕ್ರದಲ್ಲಿ ಆ ಬೆಸುಗೆಯನ್ನು ಎಳೆಯುವುದು ಎಂಜಿನ್ನಿನ ಶಕ್ತಿ. ಮುಂದಿನ ಚಕ್ರದಲ್ಲಿ ಎಳೆಯುವುದು ಬ್ರೇಕ್, ಅದೂ ವಿರುದ್ಧ ದಿಕ್ಕಿಗೆ. ಹಾಗಾಗಿ ಹಿಂದೆ ಮುಂದೆ ಎರಡಕ್ಕೂ ಆಗುವ ಕೆಲವು ಟೈರುಗಳಲ್ಲಿ ಎರಡು ಬಾಣ ಇರುತ್ತವೆ, ಒಂದಕ್ಕೊಂದು ಬೆನ್ನು ಹಾಕಿಕೊಂಡು. ‘ವಿ’ ಆಕಾರದ ಗೀರು ನೋಡಿ ಅಂದಾಜಿನ ಮೇಲೆ ಟೈರ್ ಹಾಕುವವರು ಎಡವುವುದು ಇಲ್ಲೇ. ಮುಂದಿನ ಟೈರಿನ ಗೀರು ಎಷ್ಟೋ ಸಲ ಉಲ್ಟಾ ಕಾಣುತ್ತದೆ, ಆದರೆ ಸರಿಯಾಗಿಯೇ ಇರುತ್ತದೆ. ಗೀರನ್ನು ನಂಬಬೇಡಿ, ಬಾಣ ನಂಬಿ.

ನಾನು ಹೇಳುತ್ತಿರುವುದು ಸ್ಪೋಕ್ ಚಕ್ರದ, ಟ್ಯೂಬ್ ಇರುವ ಗಾಡಿಯ ವಿಷಯ. ಟ್ಯೂಬ್‌ಲೆಸ್ ಆದರೆ ಮನೆಯಲ್ಲಿ ಕೈ ಹಾಕಬೇಡಿ. ಟೈರಿನ ಅಂಚನ್ನು ರಿಮ್ಮಿಗೆ ಕೂರಿಸಲು ಒಮ್ಮೆಲೇ ಜೋರಾಗಿ ಗಾಳಿ ನುಗ್ಗಬೇಕು, ಕಾಲಿನ ಪಂಪಿನಿಂದ ಅದು ಆಗದ ಮಾತು.

ಅಂಗಡಿಯಲ್ಲಿ ಟೈರ್ ಕೊಳ್ಳುವಾಗ ಹಳೆಯದರ ಮೇಲಿನ ಅಳತೆಯನ್ನೇ ಕೇಳಿ. 2.75-18 ಅಂದರೆ 2.75 ಇಂಚು ಅಗಲ, 18 ಇಂಚಿನ ರಿಮ್. ತಯಾರಾದ ದಿನ ತಿಳಿಯಲು ನಾಲ್ಕು ಅಂಕಿ ಹುಡುಕಿ: 2324 ಅಂತಿದ್ದರೆ 2024ರ 23ನೇ ವಾರ. ಜೊತೆಗೆ ಹೊಸ ಟ್ಯೂಬನ್ನೂ ತನ್ನಿ. ಹಳೆಯದು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಚಿಕೊಳ್ಳುತ್ತದೆ. ಎರಡು ಮೂರು ಟೈರ್ ಲಿವರ್ (ಟೈರಿನ ಅಂಚನ್ನು ಎಬ್ಬಿಸುವ ಚಪ್ಪಟೆ ಸಲಾಕೆ), ಸ್ಪ್ಯಾನರ್, ಪಂಪ್, ಸೋಪಿನ ನೀರು, ಒಂದಿಷ್ಟು ಪೌಡರ್ ಇದ್ದರೆ ಸಾಕು. ಸ್ಕ್ರೂಡ್ರೈವರ್ ಬೇಡವೇ ಬೇಡ, ಅದು ಟ್ಯೂಬಿಗೆ ಯಮ. ಹೊಸ ಟೈರನ್ನು ಅರ್ಧ ಗಂಟೆ ಬಿಸಿಲಿಗಿಡಿ. ಮೆತ್ತಗಾಗುತ್ತದೆ.

ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಬ್ರೇಕ್ ರಾಡಿನ ನಟ್, ಬ್ರೇಕ್ ಪ್ಲೇಟನ್ನು ಹಿಡಿದಿರುವ ಪಟ್ಟಿಯ ಬೋಲ್ಟ್, ಆಮೇಲೆ ಚಕ್ರದ ನಡುವೆ ತೂರಿರುವ ಆಕ್ಸಲ್ ಬಿಚ್ಚಿ. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಸಾಲಾಗಿ ಇಡಿ. ಬ್ರೇಕ್ ರಾಡಿನ ಸಣ್ಣ ಸ್ಪ್ರಿಂಗ್ ಹಾರಿ ಕಳೆದುಹೋಗುವುದೇ ಜಾಸ್ತಿ. ಸ್ಪ್ಲೆಂಡರ್‌ನಲ್ಲಿ ಒಂದು ಅನುಕೂಲ ಇದೆ. ಚೈನ್ ಮತ್ತು ಅದು ಸುತ್ತುವ ಹಲ್ಲಿನ ಬಿಲ್ಲೆ (ಸ್ಪ್ರಾಕೆಟ್) ಗಾಡಿಯಲ್ಲೇ ಉಳಿಯುತ್ತವೆ, ಚಕ್ರ ಮಾತ್ರ ಕಳಚಿ ಬರುತ್ತದೆ.

ಚಕ್ರವನ್ನು ನೆಲದ ಮೇಲೆ ಮಲಗಿಸುವ ಮೊದಲು ಚಾಕ್‌ಪೀಸಿನಿಂದ ಹಬ್‌ನ (ಚಕ್ರದ ನಡುಭಾಗ) ಎಡ ಬದಿಯ ಮೇಲೆ ‘ಎಡ’ ಅಂತ ಬರೆಯಿರಿ. ನಾನು ಆವತ್ತು ಮಾಡದೆ ಬಿಟ್ಟಿದ್ದು ಇದನ್ನೇ. ಸ್ಪ್ಲೆಂಡರ್‌ನ ಚೈನ್ ಎಡಕ್ಕಿದೆ, ಬ್ರೇಕ್ ಬಲಕ್ಕೆ. ಎಡಗಡೆ ನಿಂತು ನೋಡಿದರೆ ಮುಂದಕ್ಕೆ ಹೋಗುವ ಚಕ್ರ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಹಾಗಾಗಿ ಎಡ ಬದಿ ಆಕಾಶ ನೋಡುವಂತೆ ಚಕ್ರ ಮಲಗಿಸಿದಾಗ, ಮೇಲೆ ಕಾಣುವ ಬಾಣವೂ ಗಡಿಯಾರಕ್ಕೆ ವಿರುದ್ಧವಾಗಿ ತೋರಿಸಬೇಕು.

ಇನ್ನು ಟೈರ್ ಕೀಳುವುದು. ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಮೇಲೆ ನಿಂತು ತುಳಿದು ಎರಡೂ ಬದಿಯ ಅಂಚನ್ನು ರಿಮ್ಮಿನಿಂದ ಬಿಡಿಸಿ, ಸೋಪಿನ ನೀರು ಬಿಡಿ. ಮುಂದಿನದೇ ಇಡೀ ಕೆಲಸದ ಗುಟ್ಟು. ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇದೆ, ಅದು ಹಿಗ್ಗುವುದಿಲ್ಲ. ರಿಮ್ಮಿನ ನಡುವೆ ಒಂದು ಹಳ್ಳ ಇದೆ. ನೀವು ಲಿವರ್ ಹಾಕುವ ಜಾಗದ ಎದುರು ಬದಿಯ ಅಂಚನ್ನು ಮಂಡಿಯಿಂದ ಒತ್ತಿ ಆ ಹಳ್ಳಕ್ಕೆ ಇಳಿಸಿ. ಆಗ ಈ ಬದಿಯಲ್ಲಿ ಸಡಿಲ ಸಿಗುತ್ತದೆ. ಲಿವರ್ ತುಂಬಾ ಬಿಗಿ ಅನಿಸಿದರೆ ಬಲ ಹಾಕಬೇಡಿ. ಎದುರು ಬದಿ ಹಳ್ಳದಿಂದ ಮೇಲೆ ಬಂದಿರುತ್ತದೆ, ಅಷ್ಟೇ. ವಾಲ್ವಿನ ಹತ್ತಿರ ಶುರು ಮಾಡಿ, ನಾಲ್ಕು ಬೆರಳಿನಷ್ಟು ದೂರದಲ್ಲಿ ಇನ್ನೊಂದು ಲಿವರ್, ಹೀಗೆ ಸುತ್ತ ಬನ್ನಿ. ಒಂದು ಬದಿ ಹೊರಬಂದ ಮೇಲೆ ಟ್ಯೂಬ್ ಎಳೆದು, ಟೈರನ್ನೂ ಕಳಚಿ.

ಖಾಲಿ ರಿಮ್ ಸಿಕ್ಕಿದೆಯಲ್ಲ, ಒಳಗಿನ ರಬ್ಬರ್ ಪಟ್ಟಿ ಹರಿದಿದೆಯಾ ನೋಡಿ. ಸ್ಪೋಕಿನ ತುದಿ ಟ್ಯೂಬಿಗೆ ಚುಚ್ಚದಂತೆ ತಡೆಯುವುದು ಅದೇ. ಆಮೇಲೆ ‘ಎಡ’ ಮೇಲೆ ಬರುವಂತೆ ಚಕ್ರ ಇಟ್ಟು, ಬಾಣ ಇನ್ನೊಮ್ಮೆ ನೋಡಿ, ಟೈರಿನ ಒಂದು ಬದಿ ಹಾಕಿ. ಟೈರಿನ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ವಾಲ್ವಿನ ಪಕ್ಕ ಬರಲಿ. ಟೈರಿನ ಅತಿ ಹಗುರವಾದ ಜಾಗ ಅದು. ಟ್ಯೂಬಿಗೆ ಪೌಡರ್ ಸವರಿ, ದುಂಡಗೆ ನಿಲ್ಲುವಷ್ಟು ಮಾತ್ರ ಗಾಳಿ ತುಂಬಿ ಒಳಗೆ ಕೂರಿಸಿ. ಖಾಲಿ ಟ್ಯೂಬ್ ಲಿವರಿನ ಬಾಯಿಗೆ ಸಿಕ್ಕಿ ಕಚ್ಚಿಕೊಳ್ಳುತ್ತದೆ. ಇನ್ನೊಂದು ಬದಿಯ ಅಂಚನ್ನು ವಾಲ್ವಿನ ಎದುರಿನಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಆದಷ್ಟು ಕೈಯಿಂದಲೇ ಒತ್ತಿ. ಕೊನೆಯ ಗೇಣಿಗೆ ಮೊದಲು ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಬಿಡಿ, ಟ್ಯೂಬ್ ಅಂಚಿನಡಿ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ.

ಗಾಳಿ ತುಂಬುತ್ತಾ ರಿಮ್ಮಿನ ಪಕ್ಕ ಟೈರಿನ ಮೇಲೆ ಓಡುವ ಸಣ್ಣ ಗೆರೆ ನೋಡಿ. ಸುತ್ತಲೂ ಒಂದೇ ಸಮ ಕಾಣಬೇಕು. ಎಲ್ಲಾದರೂ ಒಳಗೆ ಹೂತಿದ್ದರೆ ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿ, ಮತ್ತೆ ತುಂಬಿ. ಕೊನೆಗೆ ಎಷ್ಟು ಗಾಳಿ ಅನ್ನುವುದನ್ನು ಗಾಡಿಯ ಸ್ಟಿಕ್ಕರ್ ಅಥವಾ ಪುಸ್ತಕ ನೋಡಿ ಇಡಿ.

ಚಕ್ರ ಕೂರಿಸಿ ಆಕ್ಸಲ್ ಬಿಗಿದ ಮೇಲೆ ಬ್ರೇಕ್ ಪ್ಲೇಟಿನ ಪಟ್ಟಿಯ ಬೋಲ್ಟ್ ಮರೆಯಬೇಡಿ. ಅದಿಲ್ಲದೆ ಬ್ರೇಕ್ ಹಿಡಿದರೆ ಪ್ಲೇಟೇ ತಿರುಗಿಬಿಡುತ್ತದೆ. ಹೊಸ ಟೈರ್ ಜಾರುತ್ತದೆ, ಮೊದಲ ನೂರೈವತ್ತು ಕಿಲೋಮೀಟರ್ ತಿರುವುಗಳಲ್ಲಿ ವಾಲಿಸಬೇಡಿ. ಮಾರನೆಯ ದಿನ ಒಮ್ಮೆ ವಾಲ್ವ್ ನೋಡಿ. ನೆಟ್ಟಗಿಲ್ಲದೆ ಓರೆಯಾಗಿದ್ದರೆ ಟ್ಯೂಬ್ ಒಳಗೆ ಸರಿದಿದೆ ಅಂತ ಅರ್ಥ. ಗಾಳಿ ಬಿಟ್ಟು ಟೈರನ್ನು ಸ್ವಲ್ಪ ತಿರುಗಿಸಿ, ವಾಲ್ವ್ ನೆಟ್ಟಗೆ ಮಾಡಿ ಮತ್ತೆ ತುಂಬಿ.