ಚೆಂಡು ಬಿಡಿ, ಕಾಲು ನೋಡಿ: ಫಾಸ್ಟ್‌ಪಿಚ್ ಎಸೆತದ ಸರಿತಪ್ಪು ಗುರುತಿಸುವುದು ಹೇಗೆ?

ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲ್‌ನ ತಮ್ಮನಂಥ ಆಟ; ಅದರಲ್ಲಿ ಚೆಂಡನ್ನು ಕೆಳಗೈಯಿಂದ ವೇಗವಾಗಿ ಎಸೆಯುವ ಬಗೆಯೇ ಫಾಸ್ಟ್‌ಪಿಚ್. ಪುರುಷರ ಫಾಸ್ಟ್‌ಪಿಚ್ ಪಂದ್ಯವನ್ನು ಮೊದಲ ಸಲ ನೋಡುವವರಿಗೆ ಕಾಣುವುದು ಇಷ್ಟೇ: ಚೆಂಡು ಎಸೆಯುವ ಪಿಚರ್‌ನ ತೋಳು ಗಿರ್ರನೆ ತಿರುಗುತ್ತದೆ, ಬ್ಯಾಟರ್ ಹಿಂದೆ ಕೂತ ಕ್ಯಾಚರ್‌ನ ಗ್ಲೌಸಿನಲ್ಲಿ ‘ಠಪ್’ ಎನ್ನುತ್ತದೆ, ಬ್ಯಾಟರ್ ತಲೆ ಅಲ್ಲಾಡಿಸುತ್ತ ವಾಪಸು ಹೊರಡುತ್ತಾನೆ. ನಡುವೆ ಚೆಂಡು ಯಾವ ದಾರಿ ಹಿಡಿಯಿತೋ ದೇವರೇ ಬಲ್ಲ. 2022ರ ಕೊನೆಯಲ್ಲಿ ಆಕ್ಲೆಂಡ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯಗಳನ್ನು ಫೋನಿನಲ್ಲಿ ನೋಡುವಾಗ ನನಗೂ ಹೀಗೇ ಆಯಿತು. ಹಿಂದಕ್ಕೆ ಎಳೆದೆಳೆದು ನೋಡಿದ ಮೇಲೆ ಒಂದು ಸಂಗತಿ ಹೊಳೆಯಿತು. ಈ ಆಟದಲ್ಲಿ ಚೆಂಡಿಗಿಂತ ಪಿಚರ್‌ನ ಕಾಲಿನ ಮಾತೇ ಹೆಚ್ಚು. ಅದನ್ನು ಓದುವ ಕ್ರಮ ಹೀಗಿದೆ.

ಮೊದಲು ದೂರ ಅಳೆಯಿರಿ

ನಿಮ್ಮೂರ ಮೈದಾನದ ಕ್ರಿಕೆಟ್ ಪಿಚ್‌ಗೇ ಹೋಗಿ. ಬೌಲರ್ ತುದಿಯ ಸ್ಟಂಪಿನಿಂದ ಬ್ಯಾಟ್ಸ್‌ಮನ್ ಕಡೆಗೆ ಎಂಟು ಹೆಜ್ಜೆ ನಡೆದು ನಿಂತುಕೊಳ್ಳಿ. ಎದುರಿನ ಸ್ಟಂಪಿಗೆ ಉಳಿಯುವ ದೂರ ಸುಮಾರು 46 ಅಡಿ, ಅಂದರೆ 14 ಮೀಟರ್. ಪುರುಷರ ಪಿಚರ್ ನಿಲ್ಲುವುದು ಇಷ್ಟು ಹತ್ತಿರದಲ್ಲಿ. ಮಹಿಳೆಯರಲ್ಲಿ ಇದು 43 ಅಡಿ. ಚೆಂಡು 12 ಇಂಚು ಸುತ್ತಳತೆಯ ದಪ್ಪ ಗುಂಡು. ಹೆಸರಲ್ಲಷ್ಟೇ ‘ಸಾಫ್ಟ್’, ಮೈಗೆ ಬಡಿದರೆ ಗೊತ್ತಾಗುತ್ತದೆ.

ಒಂದು ಲೆಕ್ಕ ಹಾಕೋಣ. ಗಂಟೆಗೆ 120 ಕಿ.ಮೀ. ವೇಗದಲ್ಲಿ ಎಸೆಯುವ ಪಿಚರ್ ದೊಡ್ಡ ಹೆಜ್ಜೆ ಹಾಕಿ ಕೈಬಿಡುವ ಹೊತ್ತಿಗೆ ಬ್ಯಾಟರ್‌ಗೂ ಅವನಿಗೂ ಹೆಚ್ಚೆಂದರೆ 12 ಮೀಟರ್ ಅಂತರ. ಚೆಂಡು ಬಂದು ಮುಟ್ಟಲು 0.36 ಸೆಕೆಂಡ್ ಸಾಕು. ಕ್ರಿಕೆಟ್‌ನಲ್ಲಿ 140 ಕಿ.ಮೀ. ವೇಗದ ಬೌಲರ್ ಎದುರು ಕೂಡ 0.45 ಸೆಕೆಂಡ್‌ನಷ್ಟು ಪುರುಸೊತ್ತು ಸಿಗುತ್ತದೆ!

ಆಮೇಲೆ ಕೈಗಳನ್ನು ಗಮನಿಸಿ

ಪಿಚರ್‌ನ ಕಾಲಡಿ ಎರಡು ಅಡಿ ಉದ್ದ, ಅರ್ಧ ಅಡಿ ಅಗಲದ ಬಿಳಿ ಪಟ್ಟಿ ಇರುತ್ತದೆ. ಅದೇ ಪಿಚರ್ಸ್ ಪ್ಲೇಟ್. ಅದನ್ನು ಮೆಟ್ಟಿ, ಎರಡೂ ಕೈ ಬಿಡಿಬಿಡಿಯಾಗಿ ಇಟ್ಟುಕೊಂಡು, ಕ್ಯಾಚರ್‌ನಿಂದ ಸನ್ನೆ ಪಡೆಯಬೇಕು. ನಂತರ ಕೈಗಳನ್ನು ಮೈಮುಂದೆ ಜೋಡಿಸಿ, ಒಂದು ಗಳಿಗೆ ಅಲುಗಾಡದೆ ನಿಲ್ಲಬೇಕು. ಹೊಸ ಹುರುಪಿನ ಹುಡುಗರು ಎಡವುವುದು ಇಲ್ಲೇ: ಕೈ ಜೋಡಿಸಿದ್ದೇ ತಡ, ತೋಳು ಬೀಸಿಬಿಡುತ್ತಾರೆ.

ಬೀಸುವುದಂತೂ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ತಿರುಗಿಸಿದಂತೆಯೇ. ಆದರೆ ಕವಣೆಯಂತೆ ಸುತ್ತಿ ಸುತ್ತಿ ಬಿಡುವ ಹಾಗಿಲ್ಲ, ತೋಳು ಎರಡು ಪೂರ್ತಿ ಸುತ್ತು ಹೊಡೆಯಬಾರದು. ಚೆಂಡು ಬಿಡುವಾಗ ಕೈ ಸೊಂಟಕ್ಕಿಂತ ಕೆಳಗಿರಬೇಕು, ಮಣಿಕಟ್ಟು ಮೊಣಕೈಯನ್ನು ದಾಟಿ ಮೈಯಿಂದ ಆಚೆಗೆ ಹೋಗಬಾರದು. ಬೀಸಲು ಶುರುಮಾಡಿದ ಮೇಲೆ ನಿಲ್ಲಿಸುವುದಾಗಲಿ, ತೋಳನ್ನು ಉಲ್ಟಾ ತಿರುಗಿಸುವುದಾಗಲಿ ಇಲ್ಲ.

ಈಗ ಕಾಲಿಗೆ ಬನ್ನಿ

ನಿಜವಾದ ತಕರಾರು ಇಲ್ಲಿದೆ. ಬಲಗೈ ಪಿಚರ್ ಬಲಗಾಲಿನಿಂದ ಪ್ಲೇಟನ್ನು ಒದ್ದು ಎಡಗಾಲು ಮುಂದಿಡುತ್ತಾನೆ. ಆ ಹೆಜ್ಜೆ ಪ್ಲೇಟಿನ ಎರಡು ಅಡಿಯ ನೇರಕ್ಕೇ ಬೀಳಬೇಕು. ಪಕ್ಕಕ್ಕೆ ಸರಿದು ಕೋನ ಬದಲಿಸಿದರೆ ಎಸೆತ ತಪ್ಪು.

ಪುರುಷರ ಆಟದಲ್ಲಿ ಜಿಗಿತಕ್ಕೆ ಅವಕಾಶವಿದೆ. ಪ್ಲೇಟನ್ನು ಒದ್ದ ರಭಸಕ್ಕೆ ಎರಡೂ ಪಾದ ಗಾಳಿಯಲ್ಲಿದ್ದರೂ ಚಿಂತೆಯಿಲ್ಲ. ಮಹಿಳೆಯರ ಆಟದಲ್ಲಿ ಬಹುಕಾಲ ಇದಕ್ಕೆ ಆಸ್ಪದವಿರಲಿಲ್ಲ, ಹಿಂದಿನ ಕಾಲಿನ ತುದಿಯನ್ನು ನೆಲಕ್ಕೆ ಎಳೆಯುತ್ತಲೇ ಬರಬೇಕಿತ್ತು. ಗಂಡಸರಿಗೊಂದು ನ್ಯಾಯ, ಹೆಂಗಸರಿಗೊಂದು ನ್ಯಾಯ ಏಕೆ ಎಂಬುದಕ್ಕೆ ನನಗಂತೂ ಒಪ್ಪುವಂಥ ಉತ್ತರ ಸಿಕ್ಕಿಲ್ಲ.

ಹಾಗಾದರೆ ಇಬ್ಬರಿಗೂ ನಿಷಿದ್ಧವಾದದ್ದು ಯಾವುದು? ‘ಕ್ರೋ ಹಾಪ್’, ಕಾಗೆ ಕುಪ್ಪಳಿಕೆ. ಅಂಗಳದ ಕಾಗೆಯನ್ನು ನೆನಪಿಸಿಕೊಳ್ಳಿ. ಒಂದು ಕುಪ್ಪು ಹಾರಿ ಊರಿ, ಅಲ್ಲಿಂದ ಇನ್ನೊಂದು ಕುಪ್ಪು ಹಾರುತ್ತದೆ. ಪಿಚರ್ ಪ್ಲೇಟಿನಿಂದ ಹಾರಿ, ಅರ್ಧ ದಾರಿಯಲ್ಲಿ ಹಿಂದಿನ ಪಾದವನ್ನು ಮತ್ತೆ ಊರಿ, ಅಲ್ಲಿಂದ ಎರಡನೇ ಸಲ ಒದ್ದು ಎಸೆದರೆ ಅದು ಕುಪ್ಪಳಿಕೆ. ಅಂತರ ಕದ್ದಂತಾಯಿತು. ಗುರುತಿಸಲು ನಾನು ಮಾಡುವುದು ಇಷ್ಟು: ವಿಡಿಯೊ ವೇಗ ಕಾಲುಭಾಗಕ್ಕೆ ಇಳಿಸಿ, ಹಿಂದಿನ ಪಾದದ ಮೇಲಷ್ಟೇ ಕಣ್ಣಿಡುತ್ತೇನೆ. ಜಿಗಿತವಾದರೆ ಆ ಪಾದ ಇಳಿದ ಮೇಲೆ ಸುಮ್ಮನೆ ಹಿಂದೆ ಬರುತ್ತದೆ, ಕುಪ್ಪಳಿಕೆಯಾದರೆ ಮಣ್ಣಿಗೆ ಊರಿ ಮೊಣಕಾಲು ಮತ್ತೊಮ್ಮೆ ಬಗ್ಗುತ್ತದೆ. ಮೈದಾನದಲ್ಲಿರುವ ಅಂಪೈರ್‌ಗೆ ಕಾಲುಭಾಗದ ವೇಗ ಎಲ್ಲಿಂದ ಬರಬೇಕು? ಅದಕ್ಕೇ ಕೋಚ್‌ಗಳ ಕೂಗಾಟ ತಪ್ಪುವುದಿಲ್ಲ.

ಅಂಪೈರ್‌ನ ಎಡಗೈ

ತಪ್ಪು ಎಸೆತ ಕಂಡರೆ ಅಂಪೈರ್ ಎಡಗೈಯನ್ನು ಅಡ್ಡಕ್ಕೆ ಚಾಚುತ್ತಾನೆ, ನಮ್ಮ ನೋಬಾಲ್ ಸನ್ನೆಯಂತೆಯೇ. ಆಟ ಅಲ್ಲಿಗೆ ನಿಲ್ಲುವುದಿಲ್ಲ. ಬ್ಯಾಟರ್ ಹೊಡೆದು ಮೊದಲ ಬೇಸ್ (ಓಟಗಾರರು ಸರದಿಯಂತೆ ಮುಟ್ಟಬೇಕಾದ ನೆಲೆಗಳಲ್ಲಿ ಮೊದಲನೆಯದು) ಮುಟ್ಟಿ, ಉಳಿದ ಓಟಗಾರರೂ ಒಂದೊಂದು ಬೇಸ್ ಮುಂದೆ ಹೋದರೆ ತಪ್ಪು ಮಾಫಿ. ಇಲ್ಲವಾದರೆ, ಆದದ್ದನ್ನೇ ಒಪ್ಪಿಕೊಳ್ಳುವುದೋ ದಂಡನೆ ಪಡೆಯುವುದೋ ಎಂಬ ಆಯ್ಕೆ ಬ್ಯಾಟಿಂಗ್ ತಂಡದ್ದು. ದಂಡನೆ ಪಡೆದರೆ ಬ್ಯಾಟರ್ ಲೆಕ್ಕಕ್ಕೆ ಒಂದು ‘ಬಾಲ್’ ಸೇರುತ್ತದೆ; ಇಂಥ ನಾಲ್ಕು ಕೂಡಿದರೆ ಅವನಿಗೆ ಮೊದಲ ಬೇಸ್ ಬಿಟ್ಟಿ.

ಇಷ್ಟು ಕೈವಶವಾದ ಮೇಲೆ ಚೆಂಡಿನ ಕಡೆ ತಿರುಗಬಹುದು. ರೈಸ್ ಬಾಲ್ ಹಿಂದಕ್ಕೆ ಸುತ್ತುತ್ತ ಎದೆಮಟ್ಟಕ್ಕೆ ಏರಿದಂತೆ ಬರುತ್ತದೆ. ಸೊಂಟದ ಕೆಳಗಿಂದ ಹೊರಟದ್ದರಿಂದ ಅದರ ದಾರಿಯೇ ಮೇಲ್ಮುಖ. ಡ್ರಾಪ್ ಬಾಲ್ ಮುಂದಕ್ಕೆ ಸುತ್ತುತ್ತ ಮೊಣಕಾಲ ಬಳಿ ಕುಸಿಯುತ್ತದೆ. ಚೇಂಜ್‌ಅಪ್ ಎಂದರೆ ನಮ್ಮ ಸ್ಲೋವರ್ ಬಾಲ್.

ಯಾರನ್ನು ನೋಡಿ ಕಲಿಯುವುದು?

ನ್ಯೂಜಿಲೆಂಡ್‌ನ ‘ಬ್ಲ್ಯಾಕ್ ಸಾಕ್ಸ್’ ತಂಡವನ್ನು. 1966ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಶುರುವಾದ ಪುರುಷರ ವಿಶ್ವ ಚಾಂಪಿಯನ್‌ಷಿಪ್ ಅನ್ನು ಅವರು ಏಳು ಸಲ ಗೆದ್ದಿದ್ದಾರೆ. ಅದರಲ್ಲಿ 1976ರದ್ದು ಅಮೆರಿಕ, ಕೆನಡಾ ಜೊತೆ ಹಂಚಿಕೊಂಡ ಪಟ್ಟ. ತಮಾಷೆ ನೋಡಿ: 1981ರ ಫೆಬ್ರುವರಿ 1ರಂದು ಮೆಲ್ಬರ್ನ್‌ನಲ್ಲಿ ಕ್ರಿಕೆಟ್ ಪಂದ್ಯ ಸಮ ಮಾಡಿಕೊಳ್ಳಲು ಕೊನೆಯ ಚೆಂಡಿಗೆ ಆರು ರನ್ ಬೇಕಿದ್ದಾಗ ಆಸ್ಟ್ರೇಲಿಯದ ಟ್ರೆವರ್ ಚಾಪೆಲ್ ಅಂಡರ್‌ಆರ್ಮ್ ಉರುಳಿಸಿ ಸಿಟ್ಟಿಗೆಬ್ಬಿಸಿದ್ದು ಇದೇ ನ್ಯೂಜಿಲೆಂಡಿಗರನ್ನು. ಅಂಡರ್‌ಆರ್ಮ್ ಎಸೆತವೇ ಪ್ರಾಣವಾದ ಆಟದಲ್ಲಿ ಅವರದ್ದು ಎತ್ತಿದ ಕೈ! ಹಾಗೆಂದು ಈಗ ಎಲ್ಲವೂ ಅವರದ್ದೇ ಅಲ್ಲ. 2019ರಲ್ಲಿ ಪ್ರಾಗ್‌ನಲ್ಲಿ ಅರ್ಜೆಂಟೀನಾ ಜಪಾನನ್ನು ಸೋಲಿಸಿ ಕಪ್ ಒಯ್ದಿತು. 2022ರಲ್ಲಿ ನ್ಯೂಜಿಲೆಂಡಿಗರ ಮನೆಯಂಗಳದಲ್ಲೇ ಗೆದ್ದದ್ದು ಆಸ್ಟ್ರೇಲಿಯ. ಒಲಿಂಪಿಕ್ಸ್‌ನಲ್ಲಿ ಮಾತ್ರ ಪುರುಷರ ಸಾಫ್ಟ್‌ಬಾಲ್ ಹುಡುಕಬೇಡಿ, ಅಲ್ಲಿ ಆಡಿಸಿದ್ದು ಮಹಿಳೆಯರ ಪಂದ್ಯ ಮಾತ್ರ.

ನೋಡುವುದೇ ಆದರೆ ಬಿಗಿಯಾದ ಪಂದ್ಯದ ಎಂಟನೇ ಇನಿಂಗ್ಸ್ ಆರಿಸಿಕೊಳ್ಳಿ. ಏಳು ಇನಿಂಗ್ಸ್ ಮುಗಿದೂ ಸಮವಾದರೆ, ಅಲ್ಲಿಂದ ಪ್ರತಿ ಸರದಿ ಶುರುವಾಗುವಾಗ ಬ್ಯಾಟಿಂಗ್ ತಂಡದ ಒಬ್ಬನನ್ನು ಎರಡನೇ ಬೇಸ್‌ನಲ್ಲಿ ತಂದು ನಿಲ್ಲಿಸುತ್ತಾರೆ. ಚೆಂಡು ಪಿಚರ್‌ನ ಕೈಬಿಡುವ ತನಕ ಅವನು ಬೇಸ್ ಬಿಡುವಂತಿಲ್ಲ. ಒಂದು ಕಾಲು ಬೇಸ್ ಮೇಲೆ, ಮೈಯೆಲ್ಲ ಮೂರನೇ ಬೇಸ್ ಕಡೆಗೆ ಬಾಗಿ, ಪಿಚರ್‌ನ ಸೊಂಟದ ಬಳಿ ಆ ಕೈ ಬಂದೀತೆಂದು ಕಾಯುತ್ತಿರುತ್ತಾನೆ.