ಕಾಫಿ ಹೂವಿನ ಒಳಕ್ಕೆ: ಒಂದು ವರ್ಚುವಲ್ ಪಾಠ ಕಟ್ಟುವ ಬಗೆ

ವಿರಾಜಪೇಟೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ವರ್ಚುವಲ್ ಪಾಠದ ವಿಷಯದಲ್ಲಿ ಸ್ವಲ್ಪ ಜಿಪುಣ. ಕಿಟಕಿ ತೆರೆದರೆ ಕಾಣುವ ತೋಟವನ್ನು ವರ್ಚುವಲ್ ಕನ್ನಡಕ ಹಾಕಿಸಿ ತೋರಿಸುವುದು ದಂಡ. ಕಾಫಿ ಅರಳಿಸುವ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುವುದನ್ನು ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳು ನನಗಿಂತ ಚೆನ್ನಾಗಿ ಬಲ್ಲರು. ಅವರಿಗೆ ಕಾಣದಿರುವುದು ಆ ಹೂವಿನ ಒಳಗೆ ನಡೆಯುವ ವ್ಯವಹಾರ. ಕಣ್ಣಿಗೆ ಸಿಗದ್ದನ್ನು ಮಾತ್ರ ಕಟ್ಟಿ.

ಸಾಫ್ಟ್‌ವೇರ್ ತೆರೆಯುವ ಮೊದಲು ಕಾಗದದಲ್ಲಿ ಒಂದೇ ಒಂದು ಪ್ರಶ್ನೆ ಬರೆಯಿರಿ. ನನ್ನದು: ರೊಬಸ್ಟಾ ಕಾಫಿಯ ಹೂವಿಗೆ ಅದೇ ಗಿಡದ ಪರಾಗ ಬಿದ್ದರೆ ಕಾಯಿ ಕಟ್ಟುತ್ತದೆಯೇ? ಇನ್ನೊಂದು ಕಾಫಿ ಜಾತಿಯಾದ ಅರೇಬಿಕಾಕ್ಕೆ ತನ್ನ ಪರಾಗವೇ ಸಾಕು. ರೊಬಸ್ಟಾ ಹಾಗಲ್ಲ, ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಮೈಮೇಲೋ ಬರಬೇಕು. ಉತ್ತರವನ್ನು ಮೊದಲೇ ಹೇಳಬೇಡಿ. ಮಕ್ಕಳು ತಮ್ಮ ಊಹೆಯನ್ನು, ಕಾರಣ ಸಹಿತ, ಪುಸ್ತಕದಲ್ಲಿ ಬರೆದ ಮೇಲೆಯೇ ಮೊಬೈಲ್ ಕೈಗೆ ಕೊಡಿ.

ಮೂರು ದೃಶ್ಯ ಸಾಕು. ಮೊದಲನೆಯದು ತೋಟದ 360 ಡಿಗ್ರಿ ಚಿತ್ರ, ಹೂವಿನ ಒಳಕ್ಕೆ ಹೋಗುವ ಬಾಗಿಲಷ್ಟೇ. ಎರಡನೆಯದರಲ್ಲಿ ವಿದ್ಯಾರ್ಥಿ ಕೋಣೆಯಷ್ಟು ದೊಡ್ಡ ಶಲಾಕಾಗ್ರದ, ಅಂದರೆ ಪರಾಗ ಬಂದು ಕೂರುವ ತುದಿಯ, ಮೇಲೆ ನಿಂತು ಎರಡು ಪರಾಗಗಳಲ್ಲಿ ಒಂದನ್ನು ಆರಿಸಬೇಕು: ಅದೇ ಗಿಡದ್ದು, ಬೇರೆ ಗಿಡದ್ದು. ಮೂರನೆಯದು ಆ ತುದಿಯ ಕೆಳಗಿನ ಕೊಳವೆಯಂಥ ಶಲಾಕೆಯ ಒಳಗೆ. ಬೇರೆ ಗಿಡದ್ದನ್ನು ಆರಿಸಿದರೆ ಪರಾಗನಾಳ ಬೆಳೆಯುತ್ತ ಅಂಡಕವನ್ನು ಮುಟ್ಟುತ್ತದೆ. ಅದೇ ಗಿಡದ್ದಾದರೆ ದಾರಿಯಲ್ಲೇ ನಿಲ್ಲುತ್ತದೆ. ‘ತಪ್ಪು ಉತ್ತರ’ ಎಂಬ ಕೆಂಪು ಅಕ್ಷರ ಖಂಡಿತ ಬೇಡ. ನಿಂತ ನಾಳವನ್ನು ನೋಡಿ ಮಗುವೇ ಕೇಳಬೇಕು, ಯಾಕೆ ನಿಂತಿತು ಎಂದು.

ಕಟ್ಟಲು ಮೊಜಿಲ್ಲಾದಲ್ಲಿ ಹುಟ್ಟಿದ, ವರ್ಚುವಲ್ ದೃಶ್ಯ ಕಟ್ಟುವ ಸಾಫ್ಟ್‌ವೇರ್ ಎ-ಫ್ರೇಮ್ ಸಾಕು. ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ. ಶಲಾಕೆಗೆ ಒಂದು ಸಿಲಿಂಡರ್, ಪರಾಗಕ್ಕೆ ಗೋಳ. ಚಂದಕ್ಕಾಗಿ ಹೆಣಗಬೇಡಿ. ತೋಟದ ಚಿತ್ರವನ್ನು ಗಾಳಿಯಿಲ್ಲದ ಬೆಳಿಗ್ಗೆ, ಮಗುವಿನ ಕಣ್ಣಿನ ಎತ್ತರಕ್ಕೆ ಟ್ರೈಪಾಡ್ ಇಟ್ಟು ತೆಗೆಯಿರಿ. ಮೊಬೈಲ್ ಹಲವು ಚಿತ್ರಗಳನ್ನು ಹೊಲಿದು ಒಂದು ಮಾಡುವುದರಿಂದ ಕೊಂಬೆ ಅಲ್ಲಾಡಿದರೆ ಹೂವು ಎರಡೆರಡಾಗಿ ಕಾಣುತ್ತದೆ. ಚಿತ್ರದ ಅಗಲ ಎತ್ತರದ ಎರಡರಷ್ಟಿರಲಿ.

ಮಳೆಗಾಲದಲ್ಲಿ ಇಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. ಎ-ಫ್ರೇಮ್ ಫೈಲ್ ಸಮೇತ ಎಲ್ಲವನ್ನೂ ಒಂದು ಲ್ಯಾಪ್‌ಟಾಪ್‌ನಲ್ಲಿ ಇಟ್ಟು, ಅದನ್ನೇ ಸಣ್ಣ ಸರ್ವರ್ ಮಾಡಿ ವೈಫೈ ಮೂಲಕ ಹಂಚಿ. ವಿಳಾಸ ಎಚ್‌ಟಿಟಿಪಿಎಸ್, ಅಂದರೆ ಸುರಕ್ಷಿತ ಸಂಪರ್ಕದ್ದು, ಆಗಿರದಿದ್ದರೆ ಬ್ರೌಸರ್ ತಲೆಯ ಚಲನೆಯನ್ನು ಓದಲು ಬಿಡದಿರಬಹುದು. ತಿರುಗುವುದನ್ನು ಅಳೆಯುವ ಗೈರೊಸ್ಕೋಪ್ ಇಲ್ಲದ ಅಗ್ಗದ ಮೊಬೈಲ್‌ಗಳದೂ ಅದೇ ಕಥೆ. ಆಗ ಬೆರಳಿನಿಂದ ಎಳೆದು ನೋಡಲಿ, ಪಾಠಕ್ಕೇನೂ ಕೊರತೆಯಿಲ್ಲ. ಕನ್ನಡಕ ಬೇಕೆಂದರೆ, ಗೂಗಲ್ 2014ರಲ್ಲಿ ತಂದ ಕಾರ್ಡ್‌ಬೋರ್ಡ್ ಮಾದರಿಯ ನಕ್ಷೆ ಮುಕ್ತವಾಗಿದೆ. ರಟ್ಟು ಕತ್ತರಿಸಿ ಎರಡು ಪೀನ ಮಸೂರ ಕೂರಿಸಿ.

ನೋಡುವವರನ್ನು ಬೆಂಚಿನ ಮೇಲೆ ಕೂರಿಸಿ. ದೃಶ್ಯವನ್ನು ತಾನಾಗಿ ಚಲಿಸಲು ಬಿಡಬೇಡಿ: ಕಣ್ಣು ‘ಹೋಗುತ್ತಿದ್ದೇನೆ’ ಎನ್ನುತ್ತದೆ, ಒಳಕಿವಿ ‘ಇಲ್ಲ’ ಎನ್ನುತ್ತದೆ, ಮಡಿಕೇರಿ ಘಾಟಿಯ ಬಸ್ಸಿನಂತೆ ಹೊಟ್ಟೆ ತೊಳೆಸುತ್ತದೆ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೆಗೆಯುವಂತೆ ಮಾಡಿ, ಮೂರು-ನಾಲ್ಕು ನಿಮಿಷದಲ್ಲಿ ಮುಗಿಸಿ.

ಮಗುವನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದು ಬರೀ ತಾಂತ್ರಿಕ ಪ್ರಶ್ನೆಯಲ್ಲ. ಭೂಕುಸಿತದ ಪಾಠ ಕಟ್ಟುವ ಆಸೆ ಇಲ್ಲಿ ಹಲವರಿಗೆ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಕುಟುಂಬದ ಮಕ್ಕಳು ನಿಮ್ಮ ತರಗತಿಯಲ್ಲಿರಬಹುದು. ಕುಸಿಯುವ ಗುಡ್ಡದ ಕೆಳಗೆ ಅವರನ್ನು ನಿಲ್ಲಿಸಬೇಡಿ. ಇಳಿಜಾರನ್ನು ಸೀಳಿ ಪಕ್ಕದಿಂದ ತೋರಿಸಿ. ನೀರು ಇಂಗಿ, ಮಣ್ಣಿನ ರಂಧ್ರಗಳಲ್ಲಿ ಒತ್ತಡ ಏರಿ, ಕಣಗಳ ಹಿಡಿತ ಸಡಿಲವಾಗುವುದು ಹೊರಗಿನಿಂದಲೇ ಹೆಚ್ಚು ಸ್ಪಷ್ಟ.

ಇನ್ನು ನಿಜವಾದ ತೋಟ. ಪಾಠದಲ್ಲಿ ಕಂಡದ್ದನ್ನು ಮಕ್ಕಳು ಅಲ್ಲಿ ಪರೀಕ್ಷಿಸಬೇಕು. ಮೊಗ್ಗು ಅರಳುವ ಮೊದಲೇ ರೊಬಸ್ಟಾದ ಒಂದು ಕೊಂಬೆಗೆ ತೆಳು ಬಲೆಯ ಚೀಲ, ಇನ್ನೊಂದಕ್ಕೆ ಬಟರ್ ಪೇಪರ್ ಚೀಲ, ಮೂರನೆಯದನ್ನು ಹಾಗೇ ಬಿಡಿ. ಬಲೆ ಜೇನನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ಕಾಗದ ಎರಡನ್ನೂ ತಡೆಯುತ್ತದೆ. ತೋಟದವರನ್ನು ಮೊದಲೇ ಕೇಳಿ, ಫಸಲಿನ ಕೊಂಬೆ ಅವರದು. ಹೂಮಳೆ ಬರುವುದು ಸರಿಯಾಗಿ ಹತ್ತನೆಯವರ ಪರೀಕ್ಷೆಯ ಹೊತ್ತಿಗೆ, ಆದ್ದರಿಂದ ಈ ಕೆಲಸವನ್ನು ಒಂಬತ್ತನೆಯವರಿಗೆ ವಹಿಸಿ. ಹೂ ಬಾಡಿದ ಮೇಲೆ ಚೀಲ ಬಿಚ್ಚಿ ಕೊಂಬೆಗಳಿಗೆ ಬಣ್ಣದ ದಾರ ಕಟ್ಟಿಡಲಿ. ಜೂನ್‌ನಲ್ಲಿ ಹತ್ತನೆಗೆ ಬಂದವರೇ ಕಾಯಿ ಎಣಿಸಿ, ಹಳೆಯ ಪುಸ್ತಕದ ಊಹೆಯ ಪಕ್ಕ ಬರೆಯಲಿ.